ಅನುವಾದಕನ ಕಾಯಕ ಮತ್ತು ಕೃತಕ ಬುದ್ಧಿಮತ್ತೆ: ಒಂದು ಐತಿಹಾಸಿಕ ಅವಲೋಕನ



ಅನುವಾದವೆಂಬ ಶಬ್ದವನ್ನು ಇಂದು ನಾವು ಒಂದು ಭಾಷೆಯಲ್ಲಿದ್ದುದನ್ನು ಮತ್ತೊಂದು ಭಾಷೆಗೆ ತರುವುದು ಎಂಬರ್ಥದಲ್ಲಿ ಬಳಸುತ್ತೇವೆ. ಶಾಸ್ತ್ರಗ್ರಂಥಗಳಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವುಂಟು. ಮೊದಲು ಹೇಳಿದ್ದನ್ನು ಅನುಸರಿಸಿ ಮತ್ತೆ ಹೇಳುವುದೇ ಅಲ್ಲಿ ಅನುವಾದ. ನ್ಯಾಯಸೂತ್ರಗಳಲ್ಲಿಯೂ ಅವುಗಳ ಭಾಷ್ಯದಲ್ಲಿಯೂ ಇದನ್ನು ಕುರಿತು ಸ್ವಾರಸ್ಯವಾದ ಚರ್ಚೆಯೊಂದಿದೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಅದು ಪುನರುಕ್ತಿಯಾಗುವುದಿಲ್ಲವೇ ಎಂದು ಪೂರ್ವಪಕ್ಷಿಯು ಕೇಳುತ್ತಾನೆ. ಪ್ರಯೋಜನವಿಲ್ಲದೆ ಮರಳಿ ಹೇಳುವುದು ಪುನರುಕ್ತಿ, ಪ್ರಯೋಜನವನ್ನರಿತು ಮರಳಿ ಹೇಳುವುದು ಅನುವಾದ ಎಂಬುದು ಸಿದ್ಧಾಂತಿಯ ಉತ್ತರ. ದಾರಿಯಲ್ಲಿ ನಡೆಯುತ್ತಿರುವವನಿಗೆ 'ಬೇಗ, ಬೇಗ' ಎಂದಾಗ ಎರಡನೆಯ ಮಾತು ವ್ಯರ್ಥವಲ್ಲ. ಅವನು ಇನ್ನೂ ಶೀಘ್ರವಾಗಿ ನಡೆಯಲೆಂಬ ಉದ್ದೇಶ ಅದರಲ್ಲಿದೆ. ಅನುವಾದಿಸುವವನು ಏನನ್ನು, ಯಾರಿಗಾಗಿ, ಏತಕ್ಕಾಗಿ ಮರಳಿ ಹೇಳುತ್ತಿರುವೆನೆಂಬುದನ್ನು ಅರಿತಿರಬೇಕೆಂಬುದು ಇದರಿಂದ ತಿಳಿದುಬರುತ್ತದೆ.

ಈ ಹಳೆಯ ಚರ್ಚೆಯನ್ನು ಇಂದು ನೆನೆಯಲು ಕಾರಣವಿದೆ. ಕೆಲವು ತಿಂಗಳುಗಳ ಹಿಂದೆ ಶ್ರೀಮಠದ ಗ್ರಂಥಮಾಲೆಯ ಸಭೆ ಸೇರಿದ್ದಾಗ, ನಮ್ಮ ಶರಣಸಾಹಿತ್ಯದ ಗ್ರಂಥವೊಂದನ್ನು ಇಂಗ್ಲಿಷಿಗೆ ತರಿಸುವ ವಿಷಯ ಚರ್ಚೆಗೆ ಬಂದಿತು. ಹಳೆಯ ವಿದ್ಯಾರ್ಥಿಯೊಬ್ಬರು ಸದುದ್ದೇಶದಿಂದಲೇ ಒಂದು ಸಲಹೆ ಕೊಟ್ಟರು. ಅನುವಾದಕರಿಗೆ ಎರಡು ವರ್ಷಗಳ ಅವಧಿಯನ್ನೂ ಸಂಭಾವನೆಯನ್ನೂ ಏಕೆ ಕೊಡಬೇಕು, ಕೃತಕ ಬುದ್ಧಿಮತ್ತೆಯ ಯಂತ್ರವು ಇದನ್ನು ಒಂದು ದಿನದಲ್ಲಿ ಮಾಡಿಕೊಡುತ್ತದೆ, ಬಳಿಕ ಯಾರಾದರೊಬ್ಬರು ಓದಿ ತಿದ್ದಿದರೆ ಸಾಕು ಎಂದರು. ಗ್ರಂಥಮಾಲೆಗೆ ಬಹುಕಾಲದಿಂದ ಅನುವಾದಗಳನ್ನು ಮಾಡಿಕೊಡುತ್ತ ಬಂದಿರುವ ವಯೋವೃದ್ಧ ಅಧ್ಯಾಪಕರೊಬ್ಬರು ಅದೇ ಸಭೆಯಲ್ಲಿದ್ದರು. ಅವರು ಅಲ್ಲಿ ಏನನ್ನೂ ನುಡಿಯಲಿಲ್ಲ. ಸಭೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಬುದ್ಧಿ, ತಿದ್ದುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ತಿದ್ದುವುದನ್ನು ನಾನು ಕಲಿತದ್ದು ಬರೆದು ಬರೆದು. ಬರೆಯದೆಯೇ ತಿದ್ದಬಲ್ಲವರನ್ನು ಮುಂದೆ ತಾವು ಎಲ್ಲಿಂದ ಕರೆತರುವಿರಿ?" ಎಂದು ಕೇಳಿದರು.

ಆ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಹೊಸದಾಗಿ ಬಂದುದನ್ನು ಕಂಡೊಡನೆ ಹೊಗಳುವುದಾಗಲಿ ತೆಗಳುವುದಾಗಲಿ ವಿವೇಕವಲ್ಲ. ಅದು ನಡೆದು ಬಂದ ದಾರಿಯನ್ನು ಮೊದಲು ನೋಡಬೇಕು. ಆ ದಾರಿಯನ್ನು ಯಥಾಶಕ್ತಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಪರಂಪರೆ

ಶರಣಪರಂಪರೆಯು ಅನುವಾದಕರಿಗೆ ಎಷ್ಟು ಋಣಿಯೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದಿಯಲ್ಲಿ ರಚಿಸಿದ ಬಸವಪುರಾಣವನ್ನು ಆಧರಿಸಿ ಭೀಮಕವಿಯು ಕ್ರಿ.ಶ. ೧೩೬೯ರಲ್ಲಿ ಕನ್ನಡದ ಬಸವಪುರಾಣವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು. ಎರಡು ಪಾದಗಳ ನಡೆಯಲ್ಲಿದ್ದ ಕಥೆಯನ್ನು ಆರು ಪಾದಗಳ ಪದ್ಯಕ್ಕೆ ಒಗ್ಗಿಸಬೇಕಾದರೆ, ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕವಿಯು ಪದ್ಯಪದ್ಯಕ್ಕೂ ನಿರ್ಧರಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ೧೯೬೫ರಿಂದ ೧೯೭೨ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಪ್ರಕಟಿಸಿತು. ಡಾ. ಎಸ್.ಸಿ. ನಂದೀಮಠ, ಎಲ್.ಎಂ.ಎ. ಮೆನೆಜಸ್, ಡಾ. ಆರ್.ಸಿ. ಹಿರೇಮಠ, ಪ್ರೊ. ಎಸ್.ಎಸ್. ಭೂಸನೂರಮಠ ಮೊದಲಾದವರ ಶ್ರಮ ಅದರ ಹಿಂದಿದೆ. ೧೯೭೩ರಲ್ಲಿ ಎ.ಕೆ. ರಾಮಾನುಜನ್ನರ ವಚನಾನುವಾದಗಳು ಪ್ರಕಟವಾದ ಮೇಲೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಹೆಸರುಗಳು ಪಾಶ್ಚಾತ್ಯ ವಿದ್ವತ್ ವಲಯದಲ್ಲಿ ಹೆಚ್ಚು ಪರಿಚಿತವಾದವು.

ಇವರೆಲ್ಲರೂ ಕವಿಗಳು, ವಿದ್ವಾಂಸರು. ಇವರ ಹಿಂದೆ ಹೆಸರಿಲ್ಲದ ಮತ್ತೊಂದು ದೊಡ್ಡ ಸಮುದಾಯವಿದೆ. ನ್ಯಾಯಾಲಯದ ದಾಖಲೆಗಳನ್ನು ಭಾಷಾಂತರಿಸಿದವರು, ಸಚಿವಾಲಯದಲ್ಲಿ ಸುತ್ತೋಲೆಗಳನ್ನೂ ಅಧಿನಿಯಮಗಳನ್ನೂ ಕನ್ನಡಕ್ಕೆ ತಂದವರು, ಪತ್ರಿಕಾಲಯದಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಬೆಳಗಾಗುವುದರೊಳಗೆ ಕನ್ನಡ ಮಾಡಿದ ಉಪಸಂಪಾದಕರು ಆ ಸಮುದಾಯಕ್ಕೆ ಸೇರಿದವರು. ಕನ್ನಡದ ಆಧುನಿಕ ಗದ್ಯವು ಹದಗೊಂಡುದರಲ್ಲಿ ಇವರ ಪಾಲು ಅಲ್ಪವಲ್ಲ. ದಿನನಿತ್ಯದ ಸಾಮಾನ್ಯ ಬರಹದಲ್ಲಿ ಕೈ ಪಳಗಿಸಿಕೊಂಡವರಲ್ಲಿ ಕೆಲವರು ಮುಂದೆ ಉದ್ಗ್ರಂಥಗಳ ಅನುವಾದಕ್ಕೆ ಕೈಹಾಕಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಅಗತ್ಯ ಬೀಳುವುದು.

ಯಂತ್ರದ ಮೊದಲ ಹೆಜ್ಜೆಗಳು

ಯಂತ್ರದಿಂದ ಅನುವಾದ ಮಾಡಿಸುವ ಆಲೋಚನೆ ಇಂದಿನದಲ್ಲ. ೧೯೪೯ರ ಜುಲೈ ತಿಂಗಳಿನಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ವಾರನ್ ವೀವರ್ ಎಂಬ ಗಣಿತಜ್ಞರು ಈ ವಿಷಯವಾಗಿ ಒಂದು ಟಿಪ್ಪಣಿಯನ್ನು ವಿದ್ವಾಂಸರಿಗೆ ಕಳುಹಿಸಿದರು. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗೂಢಲಿಪಿಯನ್ನು ಬಿಡಿಸಿದ ಅನುಭವ ಅಂದಿನವರಿಗೆ ಹೊಸದಾಗಿತ್ತು. ಪರಭಾಷೆಯ ಲೇಖನವನ್ನೂ ಗೂಢಲಿಪಿಯಂತೆಯೇ ಭಾವಿಸಿ ಬಿಡಿಸಬಾರದೇಕೆ ಎಂಬುದು ವೀವರರ ಆಲೋಚನೆ. ಭಾಷೆಯೆಂದರೆ ಸಂಕೇತಗಳ ಕಟ್ಟು, ಬೀಗದ ಕೈ ದೊರೆತರೆ ಬಾಗಿಲು ತೆರೆಯುವುದೆಂಬ ನಂಬಿಕೆ ಅದರ ಬುಡದಲ್ಲಿತ್ತು.

೧೯೫೪ರ ಜನವರಿ ೭ರಂದು ನ್ಯೂಯಾರ್ಕ್ ನಗರದಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಐ.ಬಿ.ಎಂ. ಸಂಸ್ಥೆಯೂ ಸೇರಿ ಒಂದು ಪ್ರದರ್ಶನವನ್ನು ಏರ್ಪಡಿಸಿದವು. ೨೫೦ ಶಬ್ದಗಳ ಕೋಶ, ಆರು ವ್ಯಾಕರಣ ನಿಯಮಗಳು, ಇಷ್ಟರ ಬಲದಿಂದ ಗಣಕಯಂತ್ರವು ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ವಾಕ್ಯಗಳು ಮೊದಲೇ ಆರಿಸಿದಂಥವು. ಆದರೂ ಪತ್ರಿಕೆಗಳು ಇದನ್ನು ಕೊಂಡಾಡಿದವು. ಮೂರರಿಂದ ಐದು ವರ್ಷಗಳಲ್ಲಿ ಸಮಸ್ಯೆ ಬಗೆಹರಿಯಬಹುದೆಂಬ ಭರವಸೆಯೂ ಹೊರಟಿತು.

ಐದು ವರ್ಷಗಳು ಕಳೆದವು, ಸಮಸ್ಯೆ ಉಳಿಯಿತು. ೧೯೬೦ರಲ್ಲಿ ಯೆಹೋಶುವಾ ಬಾರ್-ಹಿಲೆಲ್ ಎಂಬ ತತ್ತ್ವಜ್ಞರು, ಮನುಷ್ಯನ ನೆರವಿಲ್ಲದೆ ಯಂತ್ರವೊಂದೇ ಉತ್ತಮ ಅನುವಾದ ಮಾಡುವುದು ಅಸಾಧ್ಯವೆಂದು ವಾದಿಸಿದರು. ಒಂದೇ ಶಬ್ದಕ್ಕೆ ಎರಡು ಅರ್ಥಗಳಿರುವಾಗ, ಸರಿಯಾದುದನ್ನು ಆರಿಸಲು ಲೋಕಜ್ಞಾನ ಬೇಕು. ಯಂತ್ರಕ್ಕೆ ಲೋಕಜ್ಞಾನವಿಲ್ಲವೆಂಬುದು ಅವರ ಹೇಳಿಕೆಯ ತಿರುಳು. ಕನ್ನಡದ ಉದಾಹರಣೆಯಿಂದ ಇದನ್ನು ತಿಳಿಯಬಹುದು. 'ಹತ್ತಿ ತಂದನು' ಎಂಬ ಮಾತಿನಲ್ಲಿ ಹತ್ತಿಯು ಸಂತೆಯಿಂದ ಬಂದ ಅರಳೆಯೋ ಅಥವಾ ಮರ ಏರುವ ಕ್ರಿಯೆಯೋ? ಸಂತೆಯನ್ನೂ ಮರವನ್ನೂ ಕಂಡವನಿಗೆ ಸಂದರ್ಭದಿಂದ ಇದು ಥಟ್ಟನೆ ತಿಳಿಯುತ್ತದೆ.

೧೯೬೬ರಲ್ಲಿ ಅಮೆರಿಕದ ಸರ್ಕಾರಕ್ಕಾಗಿ ತಜ್ಞರ ಸಮಿತಿಯೊಂದು ವರದಿಯನ್ನು ಸಲ್ಲಿಸಿತು. ಯಂತ್ರದ ಅನುವಾದವು ಮನುಷ್ಯನದಕ್ಕಿಂತ ನಿಧಾನ, ತಪ್ಪುಗಳು ಹೆಚ್ಚು, ವೆಚ್ಚವೂ ಅಧಿಕವೆಂದು ಸಮಿತಿಯು ಕಂಡಿತು. ಅನುವಾದಕರ ಕೊರತೆಯೇ ಇಲ್ಲವೆಂದೂ ತಿಳಿಸಿತು. ಇದರಿಂದ ಆ ದೇಶದಲ್ಲಿ ಸಂಶೋಧನೆಗೆ ದೊರೆಯುತ್ತಿದ್ದ ಹಣ ಬಹುಮಟ್ಟಿಗೆ ನಿಂತುಹೋಯಿತು.

ಆದರೆ ಯಂತ್ರವು ಅನುವಾದಕನಿಗೆ ನಿಜವಾಗಿಯೂ ನೆರವಾದ ಒಂದು ಪ್ರಸಂಗವನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಕೆನಡಾ ದೇಶದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ರಾಜಭಾಷೆಗಳು. ಹವಾಮಾನ ವರದಿಗಳನ್ನು ಪ್ರತಿದಿನ ಇಂಗ್ಲಿಷಿನಿಂದ ಫ್ರೆಂಚಿಗೆ ತರುವ ಕೆಲಸ ಅಲ್ಲಿನ ಅನುವಾದಕರ ಪಾಲಿಗೆ ಬಂದಿತ್ತು. 'ಭಾಗಶಃ ಮೋಡ, ಸಂಜೆ ಮಳೆ' ಎಂಬಂಥ ಮಾತನ್ನೇ ವರ್ಷವಿಡೀ ಬರೆದು ಬೇಸತ್ತು, ಅವರು ಆ ಹುದ್ದೆಯಲ್ಲಿ ಬಹಳ ದಿನ ನಿಲ್ಲುತ್ತಿರಲಿಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ರೂಪಿಸಿದ 'ಮೆಟಿಯೊ' ಎಂಬ ವ್ಯವಸ್ಥೆಯು ೧೯೭೭ರಿಂದ ಈ ಭಾರವನ್ನು ಹೊತ್ತಿತು. ೨೦೦೧ರವರೆಗೂ ಸೇವೆ ಸಲ್ಲಿಸಿತು. ಶಬ್ದಗಳು ಕೆಲವೇ, ವಾಕ್ಯದ ಮಾದರಿಗಳು ಕೆಲವೇ ಇದ್ದುದರಿಂದ ಅದು ಯಶಸ್ವಿಯಾಯಿತು. ೧೯೮೦ರಲ್ಲಿ ಮಾರ್ಟಿನ್ ಕೇ ಎಂಬ ವಿದ್ವಾಂಸರು, ಯಂತ್ರವು ಅನುವಾದಕನ ಲಿಪಿಕಾರನಂತಿರಬೇಕು, ಯಾಂತ್ರಿಕವಾದುದನ್ನು ಮಾತ್ರ ಅದು ಮಾಡಬೇಕು, ನಿರ್ಣಯ ಮನುಷ್ಯನದಾಗಿರಬೇಕೆಂದು ಬರೆದರು. ಆ ದಾರಿಯನ್ನೇ ಲೋಕವು ಹಿಡಿದಿದ್ದರೆ ಇಂದು ನಾವು ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲವೇನೋ.

ಅನುವಾದಕರ ದುಡಿಮೆಯೇ ಯಂತ್ರದ ಮೂಲಧನ

ಇಲ್ಲಿಂದ ಮುಂದಿನ ಕಥೆ ಬೇರೆಯ ತಿರುವು ಪಡೆಯುತ್ತದೆ. ವ್ಯಾಕರಣವನ್ನು ಕಲಿಸಿ ಯಂತ್ರದಿಂದ ಅನುವಾದ ಮಾಡಿಸುವ ಪ್ರಯತ್ನ ಸೊರಗಿದಾಗ, ೧೯೮೦ರ ದಶಕದ ಕೊನೆಯಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧಕರು ಹೊಸದೊಂದು ಉಪಾಯವನ್ನು ಹೂಡಿದರು. ಕೆನಡಾ ಸಂಸತ್ತಿನ ಕಲಾಪಗಳೆಲ್ಲ ಎರಡು ಭಾಷೆಗಳಲ್ಲಿ ಅಚ್ಚಾಗುತ್ತಿದ್ದವು. ಆ ಲಕ್ಷಾಂತರ ವಾಕ್ಯಗಳನ್ನು ಜೋಡಿಜೋಡಿಯಾಗಿ ಯಂತ್ರಕ್ಕೆ ಒಪ್ಪಿಸಿ, ಯಾವ ಇಂಗ್ಲಿಷ್ ಶಬ್ದದ ಎದುರಿಗೆ ಯಾವ ಫ್ರೆಂಚ್ ಶಬ್ದ ಎಷ್ಟು ಸಲ ಬಂದಿದೆಯೆಂಬುದನ್ನು ಎಣಿಸಿ ಸಂಭಾವ್ಯತೆಯನ್ನು ಲೆಕ್ಕಹಾಕಿಸಿದರು. ವ್ಯಾಕರಣದ ನಿಯಮಗಳನ್ನು ಬರೆದುಕೊಡುವ ಅಗತ್ಯವೇ ಇಲ್ಲವಾಯಿತು.

ಈ ವಾಕ್ಯಜೋಡಿಗಳು ಎಲ್ಲಿಂದ ಬಂದವು ಎಂಬುದನ್ನು ವಾಚಕರು ಆಲೋಚಿಸಬೇಕು. ಸಂಸತ್ತಿನಲ್ಲಿ ದುಡಿದ ಅನುವಾದಕರು ವರ್ಷಗಟ್ಟಲೆ ಮಾಡಿದ ಕೆಲಸವದು. ೨೦೦೫ರಲ್ಲಿ ಐರೋಪ್ಯ ಸಂಸತ್ತಿನ ಕಲಾಪಗಳನ್ನು ೧೧ ಭಾಷೆಗಳಲ್ಲಿ ಜೋಡಿಸಿದ ಭಂಡಾರವೊಂದು ಸಂಶೋಧಕರಿಗೆ ದೊರೆಯಿತು. ಅದೂ ಅನುವಾದಕರ ಕೃತಿಯೇ. ೨೦೦೬ರಲ್ಲಿ ಗೂಗಲ್ ಸಂಸ್ಥೆ ಜನಸಾಮಾನ್ಯರಿಗಾಗಿ ಅನುವಾದ ಸೇವೆಯನ್ನು ಆರಂಭಿಸಿದಾಗ, ವಿಶ್ವಸಂಸ್ಥೆಯ ದಾಖಲೆಗಳ ಅನುವಾದಗಳು ಅದರ ಕಲಿಕೆಗೆ ಒದಗಿದವು. ೨೦೧೬ರಲ್ಲಿ ಮಿದುಳಿನ ನರಜಾಲದ ಹೋಲಿಕೆಯ ಗಣನಕ್ರಮ ಬಂದಿತು; ವಾಕ್ಯಗಳ ಓಟ ಸುಗಮವಾಯಿತು. ೨೦೧೭ರಲ್ಲಿ ಎಂಟು ಮಂದಿ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ರಚನೆಯನ್ನು ಪ್ರಕಟಿಸಿದರು. ವಾಕ್ಯದ ಪ್ರತಿಯೊಂದು ಶಬ್ದವನ್ನೂ ಉಳಿದೆಲ್ಲ ಶಬ್ದಗಳೊಡನೆ ಇಟ್ಟು ತೂಗುವ ಕ್ರಮವದು. ೨೦೨೨ರ ನವೆಂಬರ್ ೩೦ರಂದು ಹೊರಬಂದ ಚಾಟ್‌ಜಿಪಿಟಿಯೂ ಅದರ ಬಳಗದ ಇತರ ಯಂತ್ರಗಳೂ ಇದೇ ಬುನಾದಿಯ ಮೇಲೆ ನಿಂತಿವೆ.

ಬಾರ್-ಹಿಲೆಲರ ಆಕ್ಷೇಪಕ್ಕೆ ಈ ಯಂತ್ರಗಳು ಒಂದು ಬಗೆಯಲ್ಲಿ ಉತ್ತರ ಕೊಟ್ಟಿವೆಯೆಂದು ಒಪ್ಪಲೇಬೇಕು. ಸಂದರ್ಭವನ್ನು ನೋಡಿ ಅರ್ಥವನ್ನು ಆರಿಸುವ ಸಾಮರ್ಥ್ಯ ಅವಕ್ಕೆ ಬಹಳಮಟ್ಟಿಗೆ ಬಂದಿದೆ. ಆದರೆ ಆ ಸಾಮರ್ಥ್ಯವು ಆಕಾಶದಿಂದ ಇಳಿಯಲಿಲ್ಲ. ಬರೆದವರ, ಅನುವಾದಿಸಿದವರ ಸಂಚಿತ ದುಡಿಮೆಯೇ ಅದರ ಮೂಲಧನ. ಅವರಲ್ಲಿ ಹೆಚ್ಚಿನವರನ್ನು ಯಾರೂ ಕೇಳಲಿಲ್ಲ, ಅವರಿಗೆ ಪಾಲೂ ಸಲ್ಲಲಿಲ್ಲ.

ಬೆಲೆ ಇಳಿದ ಬಗೆ

ಯಂತ್ರ ಬಂದೊಡನೆ ಅನುವಾದಕರೆಲ್ಲರೂ ಕೆಲಸ ಕಳೆದುಕೊಂಡರೆಂದು ಭಾವಿಸುವುದು ಸರಿಯಲ್ಲ. ನಡೆದುದು ಇದಕ್ಕಿಂತ ಸೂಕ್ಷ್ಮ. ೧೯೯೦ರ ದಶಕದಲ್ಲಿ ಪಶ್ಚಿಮ ದೇಶಗಳ ವೃತ್ತಿಪರ ಅನುವಾದಕರಲ್ಲಿ 'ಅನುವಾದ ಸ್ಮೃತಿ' ಎಂಬ ಸಾಧನದ ಬಳಕೆ ಹೆಚ್ಚಿತು. ಹಿಂದೆ ಅನುವಾದಿಸಿದ ವಾಕ್ಯವನ್ನು ಅದು ನೆನಪಿಟ್ಟುಕೊಂಡು, ಅಂಥದೇ ವಾಕ್ಯ ಮತ್ತೆ ಬಂದಾಗ ಮುಂದಿಡುವುದು. ಅನುವಾದಕನ ಶ್ರಮವನ್ನು ಉಳಿಸಲು ಬಂದ ಈ ಸಾಧನವೇ ಅವನ ಸಂಭಾವನೆಯನ್ನು ಕಡಿತಗೊಳಿಸುವ ಲೆಕ್ಕವೂ ಆಯಿತು. ವಾಕ್ಯವು ಹಳೆಯದನ್ನು ಎಷ್ಟು ಹೋಲುವುದೋ ಅಷ್ಟು ಬೆಲೆಯನ್ನು ಇಳಿಸುವ ಪದ್ಧತಿಯನ್ನು ಅನುವಾದ ಮಾಡಿಸುವ ಸಂಸ್ಥೆಗಳು ರೂಢಿಗೆ ತಂದವು. ಅನಂತರದ ಹಂತದಲ್ಲಿ ಯಂತ್ರವೇ ಇಡೀ ಕರಡನ್ನು ಸಿದ್ಧಪಡಿಸಿತು. ಮನುಷ್ಯನು ಅದನ್ನು ತಿದ್ದುವವನಾದನು. ೨೦೧೭ರ ವೇಳೆಗೆ ಈ ತಿದ್ದುವ ಕೆಲಸಕ್ಕೇ ಪ್ರತ್ಯೇಕವಾದ ಅಂತರರಾಷ್ಟ್ರೀಯ ಮಾನಕವೊಂದು ರೂಪುಗೊಂಡಿತು.

ತಿದ್ದುವುದು ಸುಲಭವೆಂದು ಹೊರಗಿನವರಿಗೆ ತೋರುತ್ತದೆ. ವಾಸ್ತವದಲ್ಲಿ ಹಾಗಲ್ಲ. ಒರಟಾದ ತಪ್ಪು ಕಣ್ಣಿಗೆ ಬೀಳುತ್ತದೆ. ನುಣುಪಾದ ವಾಕ್ಯದ ಒಳಗೆ ಅಡಗಿರುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂಲವನ್ನು ಪದಪದವಾಗಿ ಓದದೆ ಅದನ್ನು ಹಿಡಿಯಲಾಗದು. ಸಂಭಾವನೆಯು ತಿದ್ದುಪಡಿಯದಾದರೂ, ತಪ್ಪಾದರೆ ಹೊಣೆ ಮಾತ್ರ ಪೂರ್ಣವಾಗಿ ಮನುಷ್ಯನದೇ.

ಇಂಗ್ಲೆಂಡಿನ ಲೇಖಕರ ಸಂಘವು ೨೦೨೪ರಲ್ಲಿ ತನ್ನ ಸದಸ್ಯರ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯಿಂದಾಗಿ ಈಗಾಗಲೇ ಕೆಲಸ ಕಳೆದುಕೊಂಡಿರುವೆವೆಂದು ಉತ್ತರಿಸಿದ ಅನುವಾದಕರಲ್ಲಿ ಶೇಕಡಾ ೩೬ ಮಂದಿ ತಿಳಿಸಿದರು. ವರಮಾನ ಇಳಿದಿದೆಯೆಂದವರು ಶೇಕಡಾ ೪೩ ಮಂದಿ. ೨೦೨೫ರಲ್ಲಿ ಆಕ್ಸ್‌ಫರ್ಡಿನ ಕಾರ್ಲ್ ಫ್ರೇ ಮತ್ತು ಪೆಡ್ರೊ ಯಾನೋಸ್-ಪರೇದೆಸ್ ಎಂಬ ವಿದ್ವಾಂಸರು, ೨೦೧೦ರಿಂದ ೨೦೨೩ರವರೆಗಿನ ಅಮೆರಿಕದ ಅಂಕಿ-ಅಂಶಗಳನ್ನು ಪರಿಶೀಲಿಸಿದರು. ಯಂತ್ರಾನುವಾದದ ಬಳಕೆ ಹೆಚ್ಚಿದ ಪ್ರದೇಶಗಳಲ್ಲಿ ಅನುವಾದಕರ ಉದ್ಯೋಗದ ಬೆಳವಣಿಗೆ ಕುಂಠಿತವಾಗಿದೆ, ಇಲ್ಲದಿದ್ದರೆ ಹುಟ್ಟಬಹುದಾಗಿದ್ದ ಸುಮಾರು ೨೮,೦೦೦ ಹುದ್ದೆಗಳು ಹುಟ್ಟಲಿಲ್ಲವೆಂದು ಅವರು ಅಂದಾಜು ಮಾಡಿದ್ದಾರೆ. ಈ ಮಾತನ್ನು ಗಮನವಿಟ್ಟು ಓದಬೇಕು. ಇದ್ದವರನ್ನು ಹೊರಗೆ ಹಾಕಿದ ಸಂಖ್ಯೆಯಲ್ಲ ಅದು. ಹೊಸಬರು ಒಳಗೆ ಬರಬೇಕಾಗಿದ್ದ ಬಾಗಿಲುಗಳ ಸಂಖ್ಯೆ. ೨೦೨೪ರ ನವೆಂಬರಿನಲ್ಲಿ ನೆದರ್ಲೆಂಡ್ಸಿನ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಕೆಲವು ಜನಪ್ರಿಯ ಕಾದಂಬರಿಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಂಗ್ಲಿಷಿಗೆ ತರಿಸುವ ಪ್ರಯೋಗವನ್ನು ಘೋಷಿಸಿದಾಗ, ಸಾಹಿತ್ಯದ ಅನುವಾದಕರಿಗೂ ಈ ಬಿಸಿ ತಟ್ಟಿತು.

ವಯೋವೃದ್ಧ ಅಧ್ಯಾಪಕರು ನಮ್ಮಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿ ಅಂಕಿಗಳ ರೂಪದಲ್ಲಿ ಎದುರು ನಿಂತಿದೆ. ಸುತ್ತೋಲೆ, ಸುದ್ದಿ, ಕೈಪಿಡಿ, ಪಠ್ಯಪುಸ್ತಕ ಇವುಗಳ ಅನುವಾದವೇ ಎಳೆಯರ ಅಭ್ಯಾಸದ ಗರಡಿಯಾಗಿತ್ತು. ಆ ಗರಡಿಯು ಮುಚ್ಚಿದರೆ, ನಾಳೆ ಶೂನ್ಯಸಂಪಾದನೆಯಂಥ ಗ್ರಂಥವನ್ನು ಎತ್ತಿಕೊಳ್ಳುವ ಜಟ್ಟಿಯು ಎಲ್ಲಿ ತಯಾರಾಗುವನು?

ಕನ್ನಡದ ಸ್ಥಿತಿ

ಯಂತ್ರಾನುವಾದದಲ್ಲಿ ನಮ್ಮ ದೇಶದ ಪ್ರಯತ್ನವೂ ಹಳೆಯದೇ. ೧೯೮೦ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ 'ಅನುಸಾರಕ'ವೆಂಬ ಯೋಜನೆಯು ಕನ್ನಡದಿಂದ ಹಿಂದಿಗೆ ತರುವ ಪ್ರಯೋಗವನ್ನೂ ಮಾಡಿತು. ಪೂರ್ಣ ಅನುವಾದ ಕೊಡುವೆನೆಂದು ಅದು ಹೇಳಿಕೊಳ್ಳಲಿಲ್ಲ. ಮೂಲದಲ್ಲಿ ಏನಿದೆಯೆಂಬುದರ ಸುಳಿವನ್ನು ಕೊಡುವೆನು, ಉಳಿದುದನ್ನು ಓದುಗನು ತಿಳಿದುಕೊಳ್ಳಲಿ ಎಂಬ ವಿನಯ ಅದರಲ್ಲಿತ್ತು. ೨೦೧೧ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡವೂ ಸೇರಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪುಗಳನ್ನು ದೇಶಭಾಷೆಗಳಿಗೆ ತರಲು 'ಸುವಾಸ್' ಎಂಬ ಸಾಧನವನ್ನು ಬಳಕೆಗೆ ತಂದಿತು. ೨೦೨೨ರಲ್ಲಿ ಕೇಂದ್ರ ಸರ್ಕಾರದ 'ಭಾಷಿಣಿ' ವೇದಿಕೆ ಬಂದಿತು. ೨೦೨೩ರಲ್ಲಿ ಐ.ಐ.ಟಿ. ಮದರಾಸಿನ 'ಎಐ೪ಭಾರತ್' ತಂಡದವರು ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ಅನುವಾದ ವ್ಯವಸ್ಥೆಯನ್ನು ಪ್ರಕಟಿಸಿದರು. ಭಾರತೀಯ ಭಾಷೆಗಳಲ್ಲಿ ಸಾಕಷ್ಟು ವಾಕ್ಯಜೋಡಿಗಳಿಲ್ಲದ ಕಾರಣ, ಈ ತಂಡವು ಅನುವಾದಕರನ್ನೇ ನಿಯೋಜಿಸಿ ಲಕ್ಷಗಟ್ಟಲೆ ವಾಕ್ಯಗಳನ್ನು ಸಿದ್ಧಪಡಿಸಿಕೊಳ್ಳಬೇಕಾಯಿತು. ಕನ್ನಡಕ್ಕೆ ಯಂತ್ರ ಬೇಕಾದರೂ ಕನ್ನಡದ ಅನುವಾದಕನು ಬೇಕೇ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಅಗತ್ಯವಿಲ್ಲ.

ಇಂಗ್ಲಿಷಿನಂಥ ಭಾಷೆಗೆ ಬರಹದ ಸಾಗರವೇ ಇದೆ. ಕನ್ನಡದ ಕೆರೆಯು ಚಿಕ್ಕದು. ಯಂತ್ರವು ಮಾಡಿದ ಅರೆಬೆಂದ ಅನುವಾದಗಳೇ ಅಂತರ್ಜಾಲದಲ್ಲಿ ತುಂಬಿ, ಮುಂದಿನ ಯಂತ್ರವು ಅವುಗಳನ್ನೇ ಉಂಡು ಬೆಳೆಯತೊಡಗಿದರೆ ಈ ಕೆರೆ ಬಲುಬೇಗ ಕಲಕಿಹೋಗುವುದು.

೨೦೨೫ರಲ್ಲಿ ಎರಡು ತಿಂಗಳ ಅಂತರದಲ್ಲಿ ನಡೆದ ಎರಡು ಘಟನೆಗಳನ್ನು ವಾಚಕರು ಬಲ್ಲರು. ಮೇ ೨೦ರಂದು ಲಂಡನ್ನಿನಲ್ಲಿ, ಬಾನು ಮುಷ್ತಾಕರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿಯವರು ಆರಿಸಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ೫೦,೦೦೦ ಪೌಂಡುಗಳ ಆ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಲಾಯಿತು. ಜುಲೈ ತಿಂಗಳಿನಲ್ಲಿ ಹಿರಿಯ ಚಿತ್ರನಟಿ ಬಿ. ಸರೋಜಾದೇವಿಯವರು ನಿಧನರಾದಾಗ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರೆಂಬ ಕನ್ನಡ ಪ್ರಕಟಣೆಯನ್ನು ಫೇಸ್‌ಬುಕ್ಕಿನ ಯಂತ್ರವು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ನಿಧನರಾದರೆಂಬ ಅರ್ಥ ಬರುವಂತೆ ಮಾಡಿತು. ಮುಖ್ಯಮಂತ್ರಿಗಳು ಪ್ರತಿಭಟಿಸಿದರು, ಮೆಟಾ ಸಂಸ್ಥೆಯು ಕ್ಷಮೆ ಕೋರಿತು. ಒಂದೆಡೆ, ತನ್ನ ಹೆಸರಿಟ್ಟು ಹೊಣೆ ಹೊತ್ತ ಅನುವಾದಕಿಗೆ ಸಂದ ಗೌರವ. ಇನ್ನೊಂದೆಡೆ, ಯಾರ ಹೆಸರೂ ಇಲ್ಲದ, ಯಾರೂ ಓದಿ ನೋಡದ ಅನುವಾದ.

ನಾವೂ ಒಂದು ಸಣ್ಣ ಪರೀಕ್ಷೆಯನ್ನು ಮಾಡಿದೆವು. ಶ್ರೀಮಠದ ಇತಿಹಾಸದಿಂದ 'ಪೂಜ್ಯರು ಬಯಲಾದರು' ಎಂಬ ವಾಕ್ಯವನ್ನು ಯಂತ್ರಕ್ಕೆ ಕೊಟ್ಟೆವು. ಪೂಜ್ಯರ ಗುಟ್ಟು ಹೊರಬಿದ್ದಿತೆಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂದಿತು! ಬಯಲೆಂದರೆ ಶರಣರ ಪರಿಭಾಷೆಯಲ್ಲಿ ಏನೆಂಬುದನ್ನು ವಿವರಿಸಿ ಮತ್ತೆ ಕೊಟ್ಟಾಗ ಯಂತ್ರವು ಸರಿಯಾಗಿಯೇ ಅನುವಾದಿಸಿತು. ನಗುವ ವಿಷಯವಾದರೂ ಇದರಲ್ಲಿ ಪಾಠವಿದೆ. ಬಯಲಿನ ಅರ್ಥ ಬಲ್ಲವರು ಪಕ್ಕದಲ್ಲಿದ್ದುದರಿಂದ ತಪ್ಪು ತಿಳಿಯಿತು, ತಿದ್ದುವುದಕ್ಕೂ ಸಾಧ್ಯವಾಯಿತು. ಕನ್ನಡವನ್ನರಿಯದ ಪರದೇಶದ ಜಿಜ್ಞಾಸುವು ಮೊದಲಿನ ವಾಕ್ಯವನ್ನೇ ಓದಿ ನಂಬಿದ್ದರೆ ಅವನ ತಪ್ಪೇನು?

ಕಾಯಕ ಮತ್ತು ದಾಸೋಹ

ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ತಿಳಿದುದೇ. ಕಾಯಕಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನದನ್ನು ಶರಣರು ಒಲ್ಲರು. ಈ ಪ್ರಸಂಗದಿಂದ ನಾವು ಪಡೆಯಬೇಕಾದ ಇನ್ನೊಂದು ಪಾಠವೂ ಇದೆ: ಹೆಚ್ಚು ಪಡೆಯುವುದು ತಪ್ಪಾದರೆ, ದುಡಿದವನಿಗೆ ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಡುವುದೂ ತಪ್ಪೇ. ದಾಸೋಹವು ಕಾಯಕದ ಫಲದಿಂದ ಹುಟ್ಟುವಂಥದು. ಒಬ್ಬನ ಕಾಯಕವನ್ನು ಕಿತ್ತುಕೊಂಡು ಅವನಿಂದ ದಾಸೋಹವನ್ನು ಅಪೇಕ್ಷಿಸುವುದು ಎಲ್ಲಿಯ ನ್ಯಾಯ?

ಈ ಮಾತನ್ನು ಪರರಿಗೆ ಹೇಳುವ ಮೊದಲು ನಮ್ಮನ್ನು ನಾವೇ ನೋಡಿಕೊಂಡೆವು. ಗ್ರಂಥಮಾಲೆಯ ಹಳೆಯ ಪುಸ್ತಕಗಳನ್ನು ತರಿಸಿ ನೋಡಿದಾಗ, ಕೆಲವು ಅನುವಾದಗಳಲ್ಲಿ ಅನುವಾದಕರ ಹೆಸರೇ ಅಚ್ಚಾಗಿರಲಿಲ್ಲ. 'ಮಠದ ಸೇವೆ'ಯೆಂಬ ಹೆಸರಿನಲ್ಲಿ ಸಂಭಾವನೆ ಕೊಡದೆ ಮಾಡಿಸಿಕೊಂಡ ಕೆಲಸವೂ ಇತ್ತು. ಮಾಡಿದವರು ಭಕ್ತಿಯಿಂದ ಮಾಡಿದರು. ಆದರೆ ಮಾಡಿಸಿಕೊಂಡ ನಾವು ಅದನ್ನು ಹಕ್ಕೆಂದು ಭಾವಿಸಿದೆವು. ಅನುವಾದಕನ ದುಡಿಮೆಗೆ ಬೆಲೆಯಿಲ್ಲವೆಂಬ ಭಾವನೆ ಯಂತ್ರದೊಡನೆ ಬಂದುದಲ್ಲ, ಮೊದಲೇ ನಮ್ಮಲ್ಲಿತ್ತು. ಯಂತ್ರವು ಆ ಭಾವನೆಗೆ ಅನುಕೂಲ ಒದಗಿಸಿತು, ಅಷ್ಟೆ.

ಆದುದರಿಂದ ಗ್ರಂಥಮಾಲೆಯ ಮಟ್ಟಿಗೆ ಕ್ರಮವೊಂದನ್ನು ಗೊತ್ತುಪಡಿಸಿದ್ದೇವೆ. ಪುಸ್ತಕಗಳ ಸೂಚಿ, ಪತ್ರವ್ಯವಹಾರ, ಕಾರ್ಯಕ್ರಮಗಳ ಪ್ರಕಟಣೆ ಇಂಥವಕ್ಕೆ ಯಂತ್ರದ ನೆರವನ್ನು ಪಡೆಯಬಹುದು; ಆದರೆ ಹೊರಗೆ ಕಳುಹಿಸುವ ಮೊದಲು ಎರಡೂ ಭಾಷೆ ಬಲ್ಲ ಒಬ್ಬರು ಓದಿ ಸಹಿ ಹಾಕಬೇಕು. ವಚನಗಳನ್ನೂ ಶಾಸ್ತ್ರಗ್ರಂಥಗಳನ್ನೂ ಅನುವಾದಕರೇ ಅನುವಾದಿಸಬೇಕು. ಅವರು ಬೇಕೆಂದಲ್ಲಿ ಯಂತ್ರವನ್ನು ನಿಘಂಟಿನಂತೆ ಬಳಸಲಿ. ಬಳಸಿದ್ದರೆ ಮುನ್ನುಡಿಯಲ್ಲಿ ತಿಳಿಸಲಿ. ಅನುವಾದಕರ ಹೆಸರು ಮುಖಪುಟದಲ್ಲಿ ಅಚ್ಚಾಗಬೇಕು. ಒಪ್ಪಿದ ಸಂಭಾವನೆಯನ್ನು ಯಂತ್ರದ ನೆಪದಿಂದ ಕಡಿಮೆ ಮಾಡಕೂಡದು. ಇದಲ್ಲದೆ ಪ್ರತಿ ಗ್ರಂಥಕ್ಕೂ ಪಾಠಶಾಲೆಯಿಂದ ಇಬ್ಬರು ತರುಣರನ್ನು ಹಿರಿಯ ಅನುವಾದಕರ ಬಳಿ ಇರಿಸಿ, ಅವರಿಗೂ ವೇತನ ಕೊಟ್ಟು, ಮೊದಲ ಕರಡನ್ನು ಅವರಿಂದಲೇ ಬರೆಯಿಸಬೇಕು. ಇದರಿಂದ ಕೆಲಸ ನಿಧಾನವಾಗುವುದು, ವೆಚ್ಚವೂ ಹೆಚ್ಚುವುದು. ಆದರೆ ಆ ವೆಚ್ಚ ಒಂದು ಪುಸ್ತಕಕ್ಕಾಗಿ ಮಾತ್ರವಲ್ಲ, ಇಬ್ಬರು ಅನುವಾದಕರ ತಯಾರಿಗಾಗಿಯೂ ಆಗುತ್ತದೆಂದು ಭಕ್ತರು ತಿಳಿಯಬೇಕು.

ಯಂತ್ರದ ಸಲಹೆ ಕೊಟ್ಟ ಹಳೆಯ ವಿದ್ಯಾರ್ಥಿಗೆ ಈ ವಿಚಾರಗಳನ್ನೆಲ್ಲ ಪತ್ರ ಮುಖೇನ ತಿಳಿಸಿದೆವು. ಅವರು ಉತ್ತರ ಬರೆದು, ತರುಣರಿಬ್ಬರ ಒಂದು ವರ್ಷದ ವೇತನವನ್ನು ತಾವೇ ಭರಿಸುವುದಾಗಿ ತಿಳಿಸಿದ್ದಾರೆ. ವಯೋವೃದ್ಧ ಅಧ್ಯಾಪಕರು ಪ್ರತಿ ಸೋಮವಾರ ಮತ್ತು ಗುರುವಾರ ಪೂಜೆಯ ತರುವಾಯ ಗ್ರಂಥಾಲಯದಲ್ಲಿ ಆ ತರುಣರೊಡನೆ ಕುಳಿತು, ಒಂದೊಂದೇ ವಾಕ್ಯವನ್ನು ಬರೆಯಿಸುತ್ತಿದ್ದಾರೆ. ಇಷ್ಟು ವಾರಗಳಲ್ಲಿ ಹನ್ನೊಂದು ಪುಟಗಳಾಗಿವೆ.

ಹೊರನಾಡುಗಳಲ್ಲಿರುವ ವಿದ್ಯಾರ್ಥಿಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಕಾರ್ಯಾಲಯಗಳಲ್ಲಿ, ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ ಅನುವಾದದ ಕೆಲಸ ಬಂದಾಗ, ಯಂತ್ರವನ್ನು ಬಳಸಿದರೂ ಅನುವಾದಕನೊಬ್ಬನಿಗೆ ಅದರಲ್ಲಿ ನಿಜವಾದ ಸ್ಥಾನವನ್ನೂ ತಕ್ಕ ಸಂಭಾವನೆಯನ್ನೂ ಇರಿಸಿರಿ. ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲ ಮಕ್ಕಳು ನಿಮ್ಮ ಮನೆಗಳಲ್ಲಿದ್ದರೆ ಅವರನ್ನು ಈ ಕಾಯಕದ ಕಡೆಗೆ ತಿರುಗಿಸಿರಿ. ಕನ್ನಡದಲ್ಲಿ ಹುಟ್ಟಿದ ಅನುಭಾವವು ಅರಿತವರ ಕೈಯಿಂದಲೇ ಲೋಕಕ್ಕೆ ತಲುಪಲಿ, ಅರಿತವರ ಪರಂಪರೆ ಅವಿಚ್ಛಿನ್ನವಾಗಿ ಮುಂದುವರಿಯಲಿ ಎಂದು ಕರ್ತೃ ಗದ್ದುಗೆಯ ಸನ್ನಿಧಿಯಲ್ಲಿ ಪ್ರಾರ್ಥಿಸಿ, ವಾಚಕರೆಲ್ಲರಿಗೂ ಶುಭವನ್ನು ಹಾರೈಸುತ್ತೇವೆ.